ಮೇಜಿನ ಮೇಲೆ ಯಾವ ಪುಸ್ತಕ ಇರಬೇಕು?

ಇಲ್ಲಿ ಕುಳಿತವರಲ್ಲಿ ಅರ್ಧಕ್ಕರ್ಧ ಐಟಿಯವರು. ಅವರೆದುರು ಒಬ್ಬ ಚಾರ್ಟರ್ಡ್ ಅಕೌಂಟೆಂಟ್ ನಿಂತು ಡೇಟಾಬೇಸ್ ಸರ್ವರಿನ ಮೆಮೊರಿ ಬಗ್ಗೆ ಮಾತಾಡುವುದೆಂದರೆ, ಮದುವೆ ಮನೆಯ ಅಡುಗೆ ಭಟ್ಟರಿಗೆ ಹುಳಿ ಕುದಿಸುವುದನ್ನು ಹೇಳಿಕೊಟ್ಟ ಹಾಗೆ. ಆದರೂ ಒಪ್ಪಿಕೊಂಡೆ. ಈ ಚರಿತ್ರೆಯನ್ನು ನಾನು ಓದತೊಡಗಿದ್ದು ಕುತೂಹಲದಿಂದಲ್ಲ, ನಾನೇ ಮಾಡಿದ ಒಂದು ತಪ್ಪಿನಿಂದ. ಅದನ್ನು ಸಮಯ ಬಂದಾಗ ಹೇಳುತ್ತೇನೆ.

ನಮ್ಮ ತಂದೆಯವರು ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಗಾದಿಯ ಮುಂದೆ ಗಿಡ್ಡ ಮೇಜು. ಅದರ ಮೇಲೆ ಆ ದಿನದ ಕಿರ್ದಿ, ಪಕ್ಕದಲ್ಲಿ ಕೈಗೆಟುಕುವಂತೆ ಆ ವರ್ಷದ ಖಾತೆ ಪುಸ್ತಕ. ಹಳೆಯ ವರ್ಷಗಳದ್ದೆಲ್ಲ ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿ ಅಟ್ಟದ ಮೇಲೆ. ಯಾವನಾದರೂ ರೈತ ಬಂದು ನಾಲ್ಕು ವರ್ಷದ ಹಿಂದಿನ ಮುಂಗಡದ ಮಾತೆತ್ತಿದರೆ ಏಣಿ ಹತ್ತಬೇಕು. ಬೇಸಿಗೆ ರಜೆಯಲ್ಲಿ ಏಣಿ ಹತ್ತುವ ಕೆಲಸ ನನ್ನದು. ಮೇಜಿನ ಮೇಲಿನ ಪುಸ್ತಕ ತೆರೆಯಲು ಅರೆಕ್ಷಣ ಸಾಕು, ಅಟ್ಟದ ಪುಸ್ತಕಕ್ಕೆ ಕಾಲು ಗಂಟೆ ಬೇಕು, ಜೊತೆಗೆ ಧೂಳಿಗೆ ಹತ್ತು ಸೀನು. ಮೇಜು ಸಣ್ಣದು, ಅಟ್ಟ ದೊಡ್ಡದು. ಯಾವ ಪುಸ್ತಕ ಮೇಜಿನ ಮೇಲಿರಬೇಕು, ಜಾಗ ಸಾಲದಾಗ ಯಾವುದನ್ನು ಅಟ್ಟಕ್ಕೆ ಕಳಿಸಬೇಕು? ಕಂಪ್ಯೂಟರ್ ಮೇಧಾವಿಗಳು ಅರವತ್ತು ವರ್ಷಗಳಿಂದ ತಲೆ ಕೆಡಿಸಿಕೊಂಡಿರುವುದು ಇದೇ ಪ್ರಶ್ನೆಗೆ.

ಮೇಜಿನ ಮೇಲಿನ ಆ ಸಣ್ಣ ಜಾಗಕ್ಕೆ ಕಂಪ್ಯೂಟರಿನವರು ಕ್ಯಾಶ್ ಎನ್ನುತ್ತಾರೆ. ಕನ್ನಡದಲ್ಲಿ ಬರೆದರೆ ನಗದಿನ ಕ್ಯಾಶೂ ಅದೇ, ಮೆಮೊರಿಯ ಕ್ಯಾಶೂ ಅದೇ. ನಮ್ಮ ವೃತ್ತಿಯವರಿಗೆ ಮೊದಲ ಗೊಂದಲ ಇಲ್ಲೇ. ಇವತ್ತಿನ ಮಟ್ಟಿಗೆ ಕ್ಯಾಶ್ ಎಂದರೆ ಮೆಮೊರಿ, ದುಡ್ಡಿಗೆ ನಗದು ಎನ್ನೋಣ. ಹಾಗೆ ನೋಡಿದರೆ ಎರಡಕ್ಕೂ ನಂಟಿಲ್ಲದೆ ಇಲ್ಲ. ಆಫೀಸಿನಲ್ಲಿ ಸಣ್ಣಪುಟ್ಟ ಖರ್ಚಿಗೆಂದು ಡಬ್ಬಿಯಲ್ಲಿ ಒಂದಿಷ್ಟು ಚಿಲ್ಲರೆ ಇಟ್ಟುಕೊಳ್ಳುತ್ತೇವಲ್ಲ, ಪ್ರತಿ ಟೀ ಪುಡಿ ಪೊಟ್ಟಣಕ್ಕೂ ಬ್ಯಾಂಕಿಗೆ ಓಡದಿರಲೆಂದು? ಮೆಮೊರಿಯ ಕ್ಯಾಶ್ ಮಾಡುವುದೂ ಅಷ್ಟೇ ಕೆಲಸ.

ಈ ಕಥೆ ಶುರುವಾಗುವುದು ನಾವೀಗ ವಾಸವಾಗಿರುವ ಈ ದೇಶದಲ್ಲೇ, ಅದೂ ಒಂದು ಟೀ ಅಂಗಡಿ ಕಂಪನಿಯಲ್ಲಿ. ಜೆ. ಲಯನ್ಸ್ ಕಂಪನಿ ಬ್ರಿಟನ್ನಿನ ತುಂಬ ಟೀ ಅಂಗಡಿಗಳನ್ನೂ ದೊಡ್ಡ ಬೇಕರಿಗಳನ್ನೂ ನಡೆಸುತ್ತಿತ್ತು. ಕೇಂಬ್ರಿಜ್‌ನಲ್ಲಿ ಮಾರಿಸ್ ವಿಲ್ಕ್ಸ್ ಕಟ್ಟುತ್ತಿದ್ದ ಎಡ್ಸ್ಯಾಕ್ ಯಂತ್ರಕ್ಕೆ ಅದು ಹಣ ಕೊಟ್ಟಿತು. 1949ರ ಮೇ ತಿಂಗಳಲ್ಲಿ ಎಡ್ಸ್ಯಾಕ್ ಓಡಿದ ಮೇಲೆ ಅದೇ ಮಾದರಿಯಲ್ಲಿ ಲಿಯೋ ಎಂಬ ತನ್ನದೇ ಕಂಪ್ಯೂಟರ್ ಕಟ್ಟಿಕೊಂಡಿತು. 1951ರ ನವೆಂಬರಿನಿಂದ ಲಿಯೋ ಬೇಕರಿಯ ಲೆಕ್ಕವನ್ನು ವಾರವಾರವೂ ಮಾಡತೊಡಗಿತು. ಆಮೇಲೆ ನೌಕರರ ಸಂಬಳದ ಲೆಕ್ಕವೂ ಅದರ ಪಾಲಿಗೆ ಬಂತು. ನುರಿತ ಗುಮಾಸ್ತನೊಬ್ಬನಿಗೆ ಒಬ್ಬ ನೌಕರನ ಸಂಬಳ ಲೆಕ್ಕ ಹಾಕಲು ಎಂಟು ನಿಮಿಷ ಬೇಕಾಗಿದ್ದರೆ ಲಿಯೋಗೆ ಒಂದೂವರೆ ಸೆಕೆಂಡು ಸಾಕಾಗುತ್ತಿತ್ತು. ಇಂಥ ಯಂತ್ರದ ಮೆಮೊರಿ ಪಾದರಸ ತುಂಬಿದ ಉದ್ದನೆಯ ಕೊಳವೆಗಳಲ್ಲಿ ಓಡಾಡುವ ಶಬ್ದದ ಅಲೆಗಳು! ಅಲೆ ಆ ತುದಿ ಮುಟ್ಟಿ ಬರುವವರೆಗೆ ಕಾಯಬೇಕು. ಅಷ್ಟೂ ಕೊಳವೆ ಸೇರಿ ಹಿಡಿಯುತ್ತಿದ್ದದ್ದು ಇವತ್ತಿನ ಲೆಕ್ಕದಲ್ಲಿ ಕೆಲವೇ ಕಿಲೋಬೈಟು. ನಾನು ಮಗಳ ಶಾಲೆಗೆ ಬರೆಯುವ ಒಂದು ಇಮೇಲ್ ಅದರಲ್ಲಿ ಹಿಡಿಸಲಿಕ್ಕಿಲ್ಲ.

ಮೇಜು ಮತ್ತು ಅಟ್ಟದ ಪ್ರಶ್ನೆಯನ್ನು ಯಂತ್ರಕ್ಕೇ ಒಪ್ಪಿಸಿದವರು ಮ್ಯಾಂಚೆಸ್ಟರಿನವರು. 1962ರ ಡಿಸೆಂಬರಿನಲ್ಲಿ ಅಲ್ಲಿ ಉದ್ಘಾಟನೆಯಾದ ಅಟ್ಲಾಸ್ ಕಂಪ್ಯೂಟರಿನಲ್ಲಿ ವೇಗದ ಕೋರ್ ಮೆಮೊರಿ ಹಿಡಿಯುತ್ತಿದ್ದದ್ದು ತಲಾ 512 ಪದಗಳ 32 ಪುಟಗಳು ಮಾತ್ರ. ಮಿಕ್ಕಿದ್ದೆಲ್ಲ ತಿರುಗುವ ಡ್ರಮ್ಮಿನ ಮೇಲೆ. ಅಲ್ಲಿಯವರೆಗೆ ಯಾವುದು ಎಲ್ಲಿರಬೇಕೆಂದು ಪ್ರೋಗ್ರಾಂ ಬರೆಯುವವನೇ ನಿರ್ಧರಿಸಬೇಕಿತ್ತು. ಟಾಮ್ ಕಿಲ್ಬರ್ನ್ ಮತ್ತು ಸಂಗಡಿಗರು ಎರಡನ್ನೂ ಸೇರಿಸಿ ಒಂದೇ ದೊಡ್ಡ ಮೆಮೊರಿಯಂತೆ ಕಾಣಿಸಿದರು. ಜಾಗ ಸಾಲದಾಗ ಯಾವ ಪುಟ ಹೊರಗೆ ಹೋಗಬೇಕು ಎನ್ನುವುದನ್ನು, ಪ್ರತಿ ಪುಟದ ಹಿಂದಿನ ಬಳಕೆಯನ್ನು ಗಮನಿಸುವ ಒಂದು ಪುಟ್ಟ ಪ್ರೋಗ್ರಾಂ ನಿರ್ಧರಿಸುತ್ತಿತ್ತು. ಏಣಿ ಹತ್ತುವ ಹುಡುಗನಿಗೆ ಬುದ್ಧಿ ಬಂತು ಎನ್ನಿ.

1965ರಲ್ಲಿ ಅದೇ ವಿಲ್ಕ್ಸ್ ಎರಡು ಪುಟದ ಒಂದು ಲೇಖನ ಬರೆದು, ಮುಖ್ಯ ಮೆಮೊರಿಯ ಮುಂದೆ ಇನ್ನೂ ಚಿಕ್ಕ, ಇನ್ನೂ ಚುರುಕಾದ ಮತ್ತೊಂದನ್ನು ಇಡಬಹುದೆಂದರು. ಅವರು ಅದಕ್ಕಿಟ್ಟ ಹೆಸರಿನ ಅರ್ಥ ಗುಲಾಮ ಮೆಮೊರಿ. ಪುಣ್ಯಕ್ಕೆ ಆ ಹೆಸರು ನಿಲ್ಲಲಿಲ್ಲ. ಐಬಿಎಂ 1968ರಲ್ಲಿ ಪ್ರಕಟಿಸಿದ 360 ಸರಣಿಯ 85ನೇ ಮಾದರಿಯಲ್ಲಿ ಇಂಥದ್ದೊಂದು ಬಂದಾಗ, ಅಡಗಿಸು ಎಂಬ ಅರ್ಥದ ಫ್ರೆಂಚ್ ಪದದಿಂದ ಹುಟ್ಟಿದ ಕ್ಯಾಶ್ ಎಂಬ ಹೆಸರು ಬಳಕೆಗೆ ಬಂತು.

ಇದೇ ಹೊತ್ತಿಗೆ, 1966ರಲ್ಲಿ, ಐಬಿಎಂನ ಲಾಸ್ಲೊ ಬೆಲಾಡಿ ಸರಿಯುತ್ತರವನ್ನು ಹೇಳಿಬಿಟ್ಟಿದ್ದರು. ಮುಂದೆ ಎಲ್ಲಕ್ಕಿಂತ ತಡವಾಗಿ ಬೇಕಾಗುವ ಪುಟವನ್ನು ಹೊರಗೆ ಕಳಿಸಿ, ಅದಕ್ಕಿಂತ ಒಳ್ಳೆಯ ಆಯ್ಕೆಯೇ ಇಲ್ಲ. ತೊಂದರೆ ಒಂದೇ, ಮುಂದೆ ಯಾವುದು ಬೇಕಾಗುತ್ತದೆಂದು ಯಂತ್ರಕ್ಕೆ ಗೊತ್ತಿಲ್ಲ. ಹಾಗಾಗಿ ಎಲ್ಲರೂ ಹಿಂದೆ ನೋಡಿ ಮುಂದಿನದನ್ನು ಊಹಿಸುವ ದಾರಿ ಹಿಡಿದರು. ಬಹಳ ಹೊತ್ತಿನಿಂದ ಯಾರೂ ಮುಟ್ಟದ ಪುಟ ಇನ್ನು ಮುಂದೆಯೂ ಬೇಕಾಗಲಿಕ್ಕಿಲ್ಲ ಎಂಬ ಊಹೆ ಅದು. ಎಲ್‌ಆರ್‌ಯು ಎಂದು ಐಟಿ ಬಂಧುಗಳು ಕರೆಯುವುದು ಇದನ್ನೇ.

ಇಲ್ಲಿಂದ ಕಥೆ ಡೇಟಾಬೇಸಿಗೆ ಬರುತ್ತದೆ. ಎಪ್ಪತ್ತರ ದಶಕದಲ್ಲಿ ಸ್ಯಾನ್ ಹೋಸೆಯ ಐಬಿಎಂ ಪ್ರಯೋಗಾಲಯದಲ್ಲಿ ಸಿಸ್ಟಂ ಆರ್, ಬರ್ಕ್ಲಿಯಲ್ಲಿ ಇಂಗ್ರೆಸ್ ಹುಟ್ಟಿದವು. ಇಂಗ್ರೆಸ್ ಕಟ್ಟಿದವರಲ್ಲಿ ಒಬ್ಬರಾದ ಮೈಕೆಲ್ ಸ್ಟೋನ್‌ಬ್ರೇಕರ್ 1981ರಲ್ಲಿ ಆಪರೇಟಿಂಗ್ ಸಿಸ್ಟಂಗಳ ಮೇಲೆ ಒಂದು ದೂರುಪಟ್ಟಿಯನ್ನೇ ಬರೆದರು. ಅವರ ವಾದದ ತಿರುಳು ಇಷ್ಟು: ಆಪರೇಟಿಂಗ್ ಸಿಸ್ಟಮ್ಮಿಗೆ ಮುಂದಿನದು ಗೊತ್ತಿಲ್ಲ ನಿಜ, ಆದರೆ ಡೇಟಾಬೇಸಿಗೆ ಎಷ್ಟೋ ಸಲ ಗೊತ್ತಿರುತ್ತದೆ. ಒಂದು ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಓದಲು ಹೊರಟಾಗ ಮುಂದಿನ ಪುಟ ಯಾವುದೆಂದೂ ಗೊತ್ತು, ಓದಿ ಮುಗಿಸಿದ ಪುಟ ಸದ್ಯಕ್ಕೆ ಬೇಡವೆಂದೂ ಗೊತ್ತು. ಅಂಥದ್ದರಲ್ಲಿ ಈಗ ತಾನೇ ಓದಿದ್ದನ್ನು ಜೋಪಾನ ಮಾಡಿ, ಮಿಕ್ಕವರ ಪುಟಗಳನ್ನು ಹೊರಗೆ ತಳ್ಳುವುದು ಎಂಥ ನ್ಯಾಯ? ಈ ಮಾತು ನನಗೆ ಅರ್ಥವಾಗುವ ಹೊತ್ತಿಗೆ ತಡವಾಗಿತ್ತು.

ಅವರ ಇನ್ನೊಂದು ದೂರು ಲೆಕ್ಕದವರಿಗೆ ಥಟ್ಟನೆ ತಿಳಿಯುವಂಥದು. ಮೆಮೊರಿಯಲ್ಲಿ ತಿದ್ದಿದ ಪುಟವನ್ನು ಆ ಕ್ಷಣವೇ ಡಿಸ್ಕಿಗೆ ಬರೆಯುತ್ತ ಕೂತರೆ ಕ್ಯಾಶ್ ಇದ್ದೂ ಪ್ರಯೋಜನವಿಲ್ಲ. ಬರೆಯದೆ ಬಿಟ್ಟರೆ ಕರೆಂಟು ಹೋದಾಗ ಲೆಕ್ಕವೂ ಹೋಗುತ್ತದೆ. ಡೇಟಾಬೇಸಿನವರು ಕಂಡುಕೊಂಡ ಪರಿಹಾರ ನಮ್ಮ ತಂದೆಯವರದ್ದೇ: ಮೊದಲು ಕಿರ್ದಿ, ಆಮೇಲೆ ಖಾತೆ. ಆದ ವ್ಯವಹಾರವನ್ನು ಸಾಲಾಗಿ ಒಂದು ಲಾಗಿನಲ್ಲಿ ಬರೆದು ಭದ್ರಪಡಿಸಿಬಿಡಿ. ಖಾತೆಯ ಪುಟ ಮೆಮೊರಿಯಲ್ಲೇ ಇದ್ದು ಬಿಡುವಾದಾಗ ಡಿಸ್ಕಿಗೆ ಹೋಗಲಿ. ಯಂತ್ರ ಬಿದ್ದರೆ ಕಿರ್ದಿ ನೋಡಿ ಖಾತೆ ಪುನಃ ಬರೆದುಕೊಂಡರಾಯಿತು.

ಈಗ ನನಗೆ ಬಹಳ ಇಷ್ಟವಾದ ಭಾಗ. ಟ್ಯಾಂಡಮ್ ಕಂಪನಿಯಲ್ಲಿದ್ದ ಜಿಮ್ ಗ್ರೇ ಮತ್ತು ಫ್ರಾಂಕೊ ಪುಟ್ಸೋಲು 1987ರಲ್ಲಿ ಐದು ನಿಮಿಷದ ನಿಯಮ ಎಂಬ ಲೇಖನ ಪ್ರಕಟಿಸಿದರು. ಇದು ಕಂಪ್ಯೂಟರ್ ವಿಜ್ಞಾನದ ವೇಷದಲ್ಲಿರುವ ಕಾಸ್ಟ್ ಅಕೌಂಟಿಂಗ್. ಒಂದು ಡಿಸ್ಕ್ ಸೆಕೆಂಡಿಗೆ ಸುಮಾರು 15 ಸಲ ಓದಬಲ್ಲದು, ಬೆಲೆ ಸುಮಾರು 15,000 ಡಾಲರ್. ಅಂದರೆ ಸೆಕೆಂಡಿಗೆ ಒಂದು ಓದಿನ ಸಾಮರ್ಥ್ಯಕ್ಕೆ 1,000 ಡಾಲರ್. ಅದನ್ನು ನಡೆಸುವ ಪ್ರೊಸೆಸರ್ ಇತ್ಯಾದಿಗೆ ಇನ್ನೊಂದು 1,000. ಒಟ್ಟು 2,000. ಇತ್ತ ಮೆಮೊರಿ ಒಂದು ಮೆಗಾಬೈಟಿಗೆ 5,000 ಡಾಲರ್, ಅಂದರೆ ಕಿಲೋಬೈಟಿಗೆ 5 ಡಾಲರ್. ಒಂದು ಕಿಲೋಬೈಟಿನ ದಾಖಲೆಯನ್ನು ಸೆಕೆಂಡಿಗೊಮ್ಮೆ ಓದುವುದಾದರೆ, 5 ಡಾಲರಿನ ಮೆಮೊರಿಯಲ್ಲಿಟ್ಟು 2,000 ಡಾಲರಿನ ಡಿಸ್ಕ್ ಉಳಿಸಬಹುದು. ಹತ್ತು ಸೆಕೆಂಡಿಗೊಮ್ಮೆಯಾದರೆ ಉಳಿತಾಯ 200 ಡಾಲರ್, ಆಗಲೂ ಲಾಭವೇ. 2,000ವನ್ನು 5ರಿಂದ ಭಾಗಿಸಿದರೆ 400. ಅಲ್ಲಿಗೆ 400 ಸೆಕೆಂಡಿಗೊಮ್ಮೆ ಬೇಕಾಗುವ ದಾಖಲೆಯಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಸರಿಸುಮಾರು ಐದು ನಿಮಿಷವೆಂದು ಅವರು ಹೆಸರಿಟ್ಟರು. ಲೆಕ್ಕದವರು ಹೀಗೆ ಅಂದಾಜು ಮಾಡಿದರೆ ಆಡಿಟರ್ ಬಿಡುತ್ತಿರಲಿಲ್ಲ, ಅದು ಬೇರೆ ಮಾತು.

ಹತ್ತು ವರ್ಷಕ್ಕೊಮ್ಮೆ ಯಾರಾದರೂ ಹೊಸ ಬೆಲೆಗಳನ್ನು ಹಾಕಿ ಈ ಲೆಕ್ಕವನ್ನು ಪುನಃ ಮಾಡುತ್ತ ಬಂದಿದ್ದಾರೆ. 1997ರಲ್ಲಿ ಗ್ರೇ ಮತ್ತು ಗೋಟ್ಸ್ ಗ್ರೇಫೆ ಮಾಡಿದರು, 2007ರಲ್ಲಿ ಗ್ರೇಫೆ ಒಬ್ಬರೇ ಮಾಡಿದರು. ಆ ವರ್ಷ ಜನವರಿ 28ರಂದು ಗ್ರೇ, ತೀರಿಕೊಂಡಿದ್ದ ತಾಯಿಯ ಅಸ್ಥಿಯನ್ನು ಸಮುದ್ರದಲ್ಲಿ ಬಿಡಲು ಸ್ಯಾನ್ ಫ್ರಾನ್ಸಿಸ್ಕೋದಿಂದ ಒಬ್ಬರೇ ಹಾಯಿದೋಣಿಯಲ್ಲಿ ಹೊರಟವರು ಹಿಂದಿರುಗಲಿಲ್ಲ. ಉಪಗ್ರಹ ಚಿತ್ರಗಳನ್ನು ಸಾವಿರಾರು ಜನ ಕಣ್ಣಲ್ಲಿ ಕಣ್ಣಿಟ್ಟು ಜಾಲಾಡಿದರೂ ದೋಣಿ ಸಿಗಲಿಲ್ಲ. ಈಗ ಹಾರ್ಡ್ ಡಿಸ್ಕಿನ ಎದುರು ಲೆಕ್ಕ ಹಾಕಿದರೆ ಆ ಐದು ನಿಮಿಷ ಗಂಟೆಗಳಷ್ಟಾಗಿದೆ, ಫ್ಲ್ಯಾಶ್ ಡಿಸ್ಕಿನ ಎದುರು ಮತ್ತೆ ನಿಮಿಷಗಳಿಗೇ ಇಳಿಯುತ್ತದೆ.

ಇನ್ನು ನನ್ನ ತಪ್ಪು. ಹತ್ತು ಹದಿನೈದು ವರ್ಷದ ಹಿಂದೆ ನಾನು ಇಲ್ಲೊಂದು ಸರಕು ಸಾಗಾಣಿಕೆ ಕಂಪನಿಯಲ್ಲಿ ಹಣಕಾಸು ನೋಡಿಕೊಳ್ಳುತ್ತಿದ್ದೆ. ಲೆಕ್ಕಪತ್ರ, ಗೋದಾಮು, ಸಂಬಳ ಎಲ್ಲವೂ ಒಂದೇ ಡೇಟಾಬೇಸ್ ಸರ್ವರಿನ ಮೇಲೆ. ಅದು ತಿಂಗಳ ಕೊನೆಗೆ ಏದುಸಿರು ಬಿಡುತ್ತಿತ್ತು. ಡೇಟಾಬೇಸ್ ನೋಡಿಕೊಳ್ಳುತ್ತಿದ್ದ ಸಹೋದ್ಯೋಗಿ ಎರಡು ವಾರ ಸಮಯ ಕೇಳಿದಳು. ಹಳೆಯ ಆವೃತ್ತಿಯನ್ನು ಬದಲಿಸಬೇಕು, ಏಳು ವರ್ಷದ ವಹಿವಾಟಿನ ಪಟ್ಟಿಯನ್ನು ವರ್ಷವಾರು ಒಡೆಯಬೇಕು ಎಂದಳು. ವರ್ಷಾಂತ್ಯದ ಹೊತ್ತಿನಲ್ಲಿ ಎರಡು ವಾರ ಎಲ್ಲಿಂದ ತರಲಿ? ವಾರದ ವರದಿ ತೆರೆದು ನೋಡಿದೆ. ನೂರಕ್ಕೆ 99 ಓದು ಕ್ಯಾಶಿನಿಂದಲೇ ಆಗುತ್ತಿದೆ ಎಂದಿತ್ತು. ನೂರಕ್ಕೆ ಒಂದು ತಾನೇ, ಬಿಡಿ ಎಂದೆ. ನಮ್ಮ ವೃತ್ತಿಯಲ್ಲಿ ನೂರಕ್ಕೆ ಒಂದು ಎನ್ನುವುದು ಹೆಚ್ಚಾಗಿ ಗಣನೆಗೆ ಬಾರದ ಮೊತ್ತ. ಅವಳ ಸಮಾಧಾನಕ್ಕೆಂದು 32 ಗಿಗಾಬೈಟಿನ ಮೆಮೊರಿಯನ್ನು 64ಕ್ಕೆ ಏರಿಸಲು ಸಹಿ ಹಾಕಿದೆ.

ಆ ಒಂದರ ಲೆಕ್ಕವನ್ನು ಆಗಲೇ ಮಾಡಬೇಕಿತ್ತು. ಮೆಮೊರಿಯಿಂದ ಓದಲು ಸೆಕೆಂಡಿನ ಕೋಟಿಯಲ್ಲೊಂದು ಭಾಗ ಸಾಕು. ತಿರುಗುವ ಡಿಸ್ಕಿನಿಂದ ಓದಲು ಸೆಕೆಂಡಿನ ನೂರರಲ್ಲೊಂದು ಭಾಗ, ಅಂದರೆ 10 ಮಿಲಿಸೆಕೆಂಡ್ ಬೇಕು. ನೂರು ಓದಿನಲ್ಲಿ 99 ಮೆಮೊರಿಯಿಂದ ಬಂದರೆ ಆ 99ಕ್ಕೆ ಹಿಡಿಯುವ ಸಮಯ 0.01 ಮಿಲಿಸೆಕೆಂಡ್, ಮಿಕ್ಕ ಒಂದಕ್ಕೆ 10 ಮಿಲಿಸೆಕೆಂಡ್. ಇಡೀ ಸಮಯವೆಲ್ಲ ಆ ಒಂದರಲ್ಲೇ ಇದೆ! 99ನ್ನು 99.9 ಮಾಡಿದರೆ ಕಾಯುವ ಸಮಯ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಲಾಭ ನಷ್ಟದ ಪಟ್ಟಿಯಲ್ಲಿ ಇಂಥ ಒಂದು ಸಾಲನ್ನು ನಾನು ಎಂದೂ ಕಂಡಿರಲಿಲ್ಲ.

ಒಂದು ಬುಧವಾರ ಮಧ್ಯಾಹ್ನ ಮೂರಕ್ಕೆ ಆಡಿಟರುಗಳು ಬಾಕಿದಾರರ ವಯೋವಾರು ವರದಿ ಕೇಳಿದರು. ಗುಂಡಿ ಒತ್ತಿದವರು ಬೇರೆ ಯಾರೂ ಅಲ್ಲ, ನಾನೇ. ಆ ವರದಿ ಏಳು ವರ್ಷದ ಪಟ್ಟಿಯನ್ನು ಪ್ರತಿ ಶಾಖೆಗೊಂದು ಸಲ, ಮೊದಲಿನಿಂದ ಕೊನೆಯವರೆಗೆ ಓದುತ್ತಿತ್ತು. ಪಟ್ಟಿ ಸುಮಾರು 90 ಗಿಗಾಬೈಟಿನದು. ಮೇಜಿನ ಮೇಲೆ ನೂರು ಪುಸ್ತಕಕ್ಕೆ ಜಾಗವಿದ್ದು, ನೂರೊಂದು ಪುಸ್ತಕವನ್ನು ಸಾಲಾಗಿ ಮತ್ತೆ ಮತ್ತೆ ಓದುತ್ತೀರಿ ಎಂದುಕೊಳ್ಳಿ. ನೂರೊಂದನೆಯದನ್ನು ಇಡಲು ಬಹಳ ಹೊತ್ತಿನಿಂದ ಮುಟ್ಟದ ಮೊದಲನೆಯದನ್ನು ಅಟ್ಟಕ್ಕೆ ಕಳಿಸುತ್ತೀರಿ. ಮರುಕ್ಷಣ ಬೇಕಾಗುವುದು ಆ ಮೊದಲನೆಯದೇ. ಅದನ್ನು ತರಲು ಎರಡನೆಯದನ್ನು ಕಳಿಸುತ್ತೀರಿ, ಮುಂದೆ ಬೇಕಾಗುವುದು ಅದೇ. ಮೇಜು ತುಂಬಿದೆ, ಒಂದೂ ಉಪಯೋಗಕ್ಕಿಲ್ಲ. 32 ಇದ್ದರೂ ಅಷ್ಟೇ, 64 ಇದ್ದರೂ ಅಷ್ಟೇ. ಸಾಲದ್ದಕ್ಕೆ ಆ ಮೆರವಣಿಗೆಯಲ್ಲಿ ಸಂಬಳದ ಲೆಕ್ಕದ ಪುಟಗಳೂ ಮೇಜಿನಿಂದ ಕೆಳಗೆ ಬಿದ್ದವು.

ಇಲ್ಲಿ ಬ್ಯಾಕ್ಸ್ ಮೂಲಕ ಶುಕ್ರವಾರ ಸಂಬಳ ಸೇರಬೇಕಾದರೆ ಬುಧವಾರ ರಾತ್ರಿಯೊಳಗೆ ಫೈಲ್ ಹೋಗಬೇಕು. ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತಿದ್ದ ಸಂಬಳದ ಲೆಕ್ಕ ಗಡುವು ದಾಟಿದರೂ ಮುಗಿಯಲಿಲ್ಲ. ವರದಿಯನ್ನು ನಿಲ್ಲಿಸಬೇಕೆಂದು ನನಗೆ ಹೊಳೆಯಲೂ ಇಲ್ಲ, ಎರಡಕ್ಕೂ ಸಂಬಂಧವಿದೆಯೆಂದೇ ತಿಳಿದಿರಲಿಲ್ಲ. ವಾರದ ಸಂಬಳದ ಮೇಲೆ ಬದುಕುವ ಲಾರಿ ಚಾಲಕರಿಗೆ, ಗೋದಾಮಿನವರಿಗೆ ದುಡ್ಡು ಸೇರಿದ್ದು ಸೋಮವಾರ. ಶನಿವಾರ ಬೆಳಿಗ್ಗೆ ಒಬ್ಬ ಚಾಲಕ ನನ್ನ ಮೊಬೈಲಿಗೇ ಫೋನ್ ಮಾಡಿದ. ಬೈಯಲಿಲ್ಲ. ಕರೆಂಟಿನ ಮೀಟರಿಗೆ ದುಡ್ಡು ಹಾಕಬೇಕಿತ್ತು, ಇವತ್ತು ಮಧ್ಯಾಹ್ನದೊಳಗೆ ಬರುತ್ತದೆಯೇ ಎಂದಷ್ಟೇ ಕೇಳಿದ. ಬರುವುದಿಲ್ಲ ಎಂದು ಹೇಳಿದೆ. ಆ ಸಹೋದ್ಯೋಗಿ ಒಂದು ಮಾತೂ ಆಡದೆ ಹಳೆಯ ಕೋರಿಕೆಯನ್ನೇ ದಿನಾಂಕ ಬದಲಿಸಿ ಮತ್ತೆ ಕಳಿಸಿದಳು. ಸಹಿ ಹಾಕಿದೆ.

ಅವಳು ಕೇಳಿದ್ದು ಹೊಸದೇನಲ್ಲ, ಆ ಹೊತ್ತಿಗೆ ದಶಕಗಳಷ್ಟು ಹಳೆಯ ತಿಳಿವಳಿಕೆ. 1993ರಲ್ಲಿ ಎಲಿಜಬೆತ್ ಓನೀಲ್, ಪ್ಯಾಟ್ರಿಕ್ ಓನೀಲ್, ಗೆರ್ಹಾರ್ಡ್ ವೈಕುಮ್ ಸೇರಿ, ಒಂದು ಪುಟವನ್ನು ಕೊನೆಯ ಸಲ ಮುಟ್ಟಿದ್ದು ಯಾವಾಗ ಎನ್ನುವುದರ ಬದಲು ಅದರ ಹಿಂದಿನ ಸಲ ಮುಟ್ಟಿದ್ದು ಯಾವಾಗ ಎಂದು ನೋಡಿ ಎಂದರು. ದಾರಿಹೋಕ ಯಾರು, ದಿನದ ಗಿರಾಕಿ ಯಾರು ಎಂದು ಆಗ ಗೊತ್ತಾಗುತ್ತದೆ. ಮರುವರ್ಷ ಥಿಯೋಡರ್ ಜಾನ್ಸನ್ ಮತ್ತು ಡೆನ್ನಿಸ್ ಶಾಶಾ ಅದನ್ನೇ ಎರಡು ಸಾಲುಗಳಲ್ಲಿ ಅಗ್ಗವಾಗಿ ಮಾಡಿ ತೋರಿಸಿದರು: ಹೊಸಬರು ಜಗುಲಿಯಲ್ಲಿ ಕೂರಲಿ, ಮತ್ತೆ ಬಂದವರನ್ನು ಮಾತ್ರ ಒಳಗೆ ಬಿಡೋಣ. 2003ರಲ್ಲಿ ಐಬಿಎಂ ಆಲ್ಮಡೆನ್‌ನ ನಿಮ್ರೋದ್ ಮೆಗಿದೋ ಮತ್ತು ಧರ್ಮೇಂದ್ರ ಮೋಧಾ, ಜಗುಲಿ ಎಷ್ಟು, ಒಳಮನೆ ಎಷ್ಟು ಎನ್ನುವುದನ್ನೂ ಯಂತ್ರವೇ ಹೊಂದಿಸಿಕೊಳ್ಳುವ ಎಆರ್‌ಸಿ ವಿಧಾನ ತಂದರು. ಪೋಸ್ಟ್‌ಗ್ರೆಸ್ 2005ರ ಜನವರಿಯಲ್ಲಿ ಹೊರತಂದ 8.0 ಆವೃತ್ತಿಯಲ್ಲಿ ಅದನ್ನೇ ಅಳವಡಿಸಿತ್ತು. ಐಬಿಎಂ ಪೇಟೆಂಟಿಗೆ ಅರ್ಜಿ ಹಾಕಿದೆ ಎಂಬ ಆತಂಕದಿಂದ ಕೆಲವೇ ತಿಂಗಳಲ್ಲಿ ಅದನ್ನು ತೆಗೆದು ಎರಡು ಸಾಲಿನ ವಿಧಾನಕ್ಕೆ ಬಂದಿತು. ವರ್ಷ ಮುಗಿಯುವುದರೊಳಗೆ 8.1ರಲ್ಲಿ ಅದನ್ನೂ ಬಿಟ್ಟು ಗಡಿಯಾರದ ಮುಳ್ಳಿನಂತೆ ಸುತ್ತುತ್ತ ಪುಟಗಳ ಬಳಕೆಯ ಅಂಕಿ ಇಳಿಸುವ ಸರಳ ಉಪಾಯ ಹಿಡಿಯಿತು. ಆ ಉಪಾಯದ ಬೇರು ಅರವತ್ತರ ದಶಕದ ಮಲ್ಟಿಕ್ಸ್‌ನಲ್ಲಿದೆ! 2008ರ 8.3ರಲ್ಲಿ ದೊಡ್ಡ ಪಟ್ಟಿ ಓದುವವನಿಗೆ ಬೇರೆಯೇ ಒಂದು ಪುಟ್ಟ ಉಂಗುರದಷ್ಟು ಜಾಗ ಕೊಟ್ಟು, ಎಷ್ಟು ಓದಿದರೂ ಅದರೊಳಗೇ ಸುತ್ತು ಎಂದರು. ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿಯಲ್ಲಿ ಹೊಸ ಪುಟ ಸಾಲಿನ ತಲೆಗೆ ಹೋಗದೆ ನಡುವೆ ಸೇರುತ್ತದೆ. ಸ್ಟೋನ್‌ಬ್ರೇಕರ್ 1981ರಲ್ಲಿ ಕೇಳಿದ್ದು ಹೀಗೆ ಒಂದೊಂದಾಗಿ ಬಂತು.

ಬೆಲಾಡಿಯ ಉತ್ತರಕ್ಕೆ ಭವಿಷ್ಯ ತಿಳಿದಿರಬೇಕು ಎಂದೆನಲ್ಲ. ಒಂದು ಕಂಪನಿಯಲ್ಲಿ ಅದು ಗೊತ್ತಿರುವವರು ಇದ್ದಾರೆ. ಸಂಬಳ ಯಾವ ವಾರ, ತೆರಿಗೆಯ ವಿವರ ಯಾವ ದಿನ, ಆಡಿಟರುಗಳು ಏನು ಕೇಳುತ್ತಾರೆ, ಯಾವ ವರ್ಷದ ಪುಟವನ್ನು ಇನ್ನು ಯಾರೂ ತೆರೆಯುವುದಿಲ್ಲ, ಇವೆಲ್ಲ ನನ್ನ ಕ್ಯಾಲೆಂಡರಿನಲ್ಲೇ ಇದ್ದವು. ಆ ಕ್ಯಾಲೆಂಡರನ್ನು ನಾನು ಅವಳಿಗೆ ತೋರಿಸಿರಲಿಲ್ಲ, ಅಷ್ಟೇ. ಈಗಿನ ಕೆಲಸದಲ್ಲಿ ಸಂಬಳದ ದಿನ ಬೆಳಿಗ್ಗೆಯೇ ಆ ಪಟ್ಟಿಗಳನ್ನು ಮೆಮೊರಿಗೆ ತಂದು ಬೆಚ್ಚಗಿಡುತ್ತಾರೆ. ಪೋಸ್ಟ್‌ಗ್ರೆಸ್‌ನಲ್ಲಿ 2014ರಿಂದ ಅದಕ್ಕೆಂದೇ ಒಂದು ಸಲಕರಣೆ ಇದೆ. ಆಡಿಟ್ ವರದಿಗಳು ಓಡುವುದು ಬೇರೆ ಪ್ರತಿಯ ಮೇಲೆ.

ಡಿಸ್ಕಿನ ಮಾತಾಯಿತು. ಎಲ್ಲವೂ ಮೆಮೊರಿಯಲ್ಲೇ ಹಿಡಿಸಿದರೆ ಸಮಸ್ಯೆ ಮುಗಿಯಿತೇ? ಇಲ್ಲ, ಒಂದು ಮಹಡಿ ಮೇಲೆ ಹತ್ತಿತು. 1999ರಲ್ಲಿ ಅನಸ್ತಾಸಿಯಾ ಐಲಮಾಕಿ ಮತ್ತು ವಿಸ್ಕಾನ್ಸಿನ್‌ನ ಸಂಗಡಿಗರು ನಾಲ್ಕು ಡೇಟಾಬೇಸ್‌ಗಳ ಸಮಯದ ಆಡಿಟ್ ಮಾಡಿದರು. ಪ್ರೊಸೆಸರ್ ಹೆಚ್ಚುಕಡಿಮೆ ಅರ್ಧ ಹೊತ್ತು ಸುಮ್ಮನೆ ಕಾಯುತ್ತ ಕೂತಿತ್ತು, ಕಾಯುವ ಬಹುಪಾಲು ಅದರ ಒಳಗಿನ ಕ್ಯಾಶ್‌ಗಳಿಗಾಗಿ. ಮುಖ್ಯ ಮೆಮೊರಿಯೇ ಈಗ ಅಟ್ಟವಾಗಿತ್ತು. ಪ್ರೊಸೆಸರ್ ಮೆಮೊರಿಯಿಂದ ಒಂದು ಸಲಕ್ಕೆ ಸಾಮಾನ್ಯವಾಗಿ 64 ಬೈಟು ಎತ್ತಿ ತರುತ್ತದೆ. ಒಂದು ಲಕ್ಷ ವೋಚರುಗಳ ಮೊತ್ತ ಕೂಡಬೇಕು, ಪ್ರತಿ ಮೊತ್ತ 8 ಬೈಟು ಎನ್ನಿ. ವೋಚರಿನ ಇಡೀ ವಿವರ ಅಡ್ಡಸಾಲಾಗಿ ಇದ್ದರೆ ಒಂದೊಂದು ಮೊತ್ತಕ್ಕೂ ಒಂದೊಂದು ಸಲ, ಒಟ್ಟು ಲಕ್ಷ ಸಲ ಹೋಗಿ ಬರಬೇಕು. ಮೊತ್ತಗಳೆಲ್ಲ ಒಂದರ ಕೆಳಗೊಂದು ಒತ್ತಾಗಿದ್ದರೆ ಒಂದು ಸಲಕ್ಕೆ ಎಂಟು ಬರುತ್ತವೆ, 12,500 ಸಲ ಸಾಕು. ಆಮ್‌ಸ್ಟರ್‌ಡಾಮಿನಲ್ಲಿ ಮೊನೆಟ್‌ಡಿಬಿ ಕಟ್ಟಿದವರು ಇಡೀ ಡೇಟಾಬೇಸನ್ನೇ ಹೀಗೆ ಕಂಬಸಾಲಾಗಿ ಇಟ್ಟರು. ಐಲಮಾಕಿಯವರ ತಂಡ 2001ರಲ್ಲಿ, ಒಂದು ವೋಚರಿನ ವಿವರ ಅದೇ ಪುಟ ಬಿಟ್ಟು ಹೋಗದಂತೆ, ಪುಟದ ಒಳಗೆ ಮಾತ್ರ ಕಂಬಸಾಲು ಮಾಡುವ ಮಧ್ಯಮಾರ್ಗ ತೋರಿಸಿತು.

ತಂದೆಯವರು ದಿನದ ಕೊನೆಗೆ ಕಿರ್ದಿ ಕೂಡುವಾಗ ಹೆಸರು, ವಿವರಗಳ ಮೇಲೆ ಒಂದು ಪೋಸ್ಟ್ ಕಾರ್ಡ್ ಅಡ್ಡ ಇಟ್ಟುಕೊಂಡು, ಬಲಗಡೆಯ ಮೊತ್ತದ ಕಂಬದ ಮೇಲೆ ಮಾತ್ರ ಕಣ್ಣು ಇಳಿಸುತ್ತಿದ್ದರು. ಯಾಕೆ ಎಂದು ನಾನು ಕೇಳಿರಲಿಲ್ಲ.

ಪ್ರಶ್ನೆಗಳಿಗೆ ಹತ್ತು ನಿಮಿಷ ಉಳಿದಿದೆ ಎಂದು ಕಾರ್ಯದರ್ಶಿಗಳು ಕೈ ತೋರಿಸುತ್ತಿದ್ದಾರೆ. ಐಟಿಯವರು ದಯವಿಟ್ಟು ಮೊದಲು ಕೇಳಿ; ಊಟದ ಹೊತ್ತಿಗೆ ನಿಮ್ಮಿಂದ ನಾನು ಒಂದಿಷ್ಟು ತಿದ್ದಿಸಿಕೊಳ್ಳುವುದಿದೆ.